‘ಒಪ್ಪತ್ತು’ ಅಂದರೆ ಇಂಗ್ಲಿಷಿನಲ್ಲಿ ಏನು?

ಈ ತಿಂಗಳ ಅಂಕಣ ಓದುವ ಮೊದಲು ಒಂದು ಸಣ್ಣ ಪರೀಕ್ಷೆ. ನಿಮ್ಮ ಮಗನನ್ನೋ ಮಗಳನ್ನೋ ಹತ್ತಿರ ಕರೆದು ಕೇಳಿ: “ಒಪ್ಪತ್ತು ಅಂದ್ರೆ ಏನು ಹೇಳು?” ಗೊತ್ತಿದ್ದರೆ ಸಂತೋಷ. ಗೊತ್ತಿಲ್ಲದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ನಮ್ಮನೆಯಲ್ಲೂ ಗೊತ್ತಿರಲಿಲ್ಲ. ಆ ಒಂದು ಪದ ಗೊತ್ತಿಲ್ಲದ ಕಾರಣಕ್ಕೆ ಕಳೆದ ಬೇಸಿಗೆಯ ಒಂದು ಶನಿವಾರ ರಾತ್ರಿ ನಮ್ಮತ್ತೆಯವರ ಶುಗರ್ 54ಕ್ಕೆ ಇಳಿದುಬಿಟ್ಟಿತ್ತು.

ಅತ್ತೆ ತಿಪಟೂರು ಕಡೆಯವರು. ಮಾವ ತೀರಿಕೊಂಡ ಮೇಲೆ ಫ್ರೀಮಾಂಟಿಗೆ ಬಂದು ನಮ್ಮ ಜೊತೆಯೇ ಇದ್ದಾರೆ, ಇದು ಏಳನೇ ವರ್ಷ. ವಯಸ್ಸು 72. ಶುಗರ್ ಬಂದು ಹದಿನೈದು ವರ್ಷವಾಯಿತು. ಮೆಟ್‌ಫಾರ್ಮಿನ್ ಮತ್ತು ಗ್ಲಿಪಿಜೈಡ್ ಎಂಬ ಎರಡು ಮಾತ್ರೆ ತೆಗೆದುಕೊಳ್ಳುತ್ತಾರೆ. ಮಾತ್ರೆಯ ವಿಷಯದಲ್ಲಿ ಅವರಷ್ಟು ಶಿಸ್ತಿನವರನ್ನು ನಾನು ನೋಡಿಲ್ಲ. ಆದರೂ ಜೂನ್‌ನಲ್ಲಿ ಎ1ಸಿ 8.3 ಬಂತು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ ಅದು, 5.7ರ ಒಳಗಿದ್ದರೆ ಸರಿ, 6.5 ದಾಟಿದರೆ ಡಯಾಬಿಟಿಸ್. ಡಾಕ್ಟರು, “ಡಯಟಿಷಿಯನ್ ಹತ್ತಿರ ಒಂದು ಸಲ ಮಾತಾಡಲಿ, ಆಮೇಲೆ ಮಾತ್ರೆ ನೋಡೋಣ” ಅಂದರು.

ಅಪಾಯಿಂಟ್‌ಮೆಂಟ್ ವಿಡಿಯೊದಲ್ಲಿ, ಬುಧವಾರ ಬೆಳಗ್ಗೆ. ಬುಕ್ ಮಾಡುವಾಗಲೇ ಕೇಳಿದ್ದರು, ದುಭಾಷಿ ಬೇಕಾ ಅಂತ. ನಾನು ಠೀವಿಯಿಂದ “ಬೇಡ, ಮನೆಯಲ್ಲಿ ಎಲ್ಲರಿಗೂ ಎರಡೂ ಭಾಷೆ ಬರುತ್ತೆ” ಅಂದೆ. ಆ ದಿನ ನೋಡಿದರೆ ನಮ್ಮನೆಯವರು ಊರಲ್ಲಿರಲಿಲ್ಲ, ನನಗೆ ಅದೇ ಹೊತ್ತಿಗೆ ಆಫೀಸಿನ ಮೀಟಿಂಗ್. ಮಗಳಿಗೆ ಬೇಸಿಗೆ ರಜೆ, ವಯಸ್ಸು ಹದಿಮೂರು. ಆರು ವರ್ಷ ವಾರಕ್ಕೊಮ್ಮೆ ಕನ್ನಡ ಕ್ಲಾಸಿಗೆ ಹೋಗಿದ್ದಾಳೆ, ಅಜ್ಜಿಯ ಜೊತೆ ಗಂಟೆಗಟ್ಟಲೆ ಹರಟುತ್ತಾಳೆ. “ಅಜ್ಜಿ ಹೇಳಿದ್ದನ್ನ ಅವರಿಗೆ ಹೇಳು, ಅವರು ಹೇಳಿದ್ದನ್ನ ಅಜ್ಜಿಗೆ ಹೇಳು, ಅಷ್ಟೆ. ನಾನು ಪಕ್ಕದ ರೂಮಲ್ಲೇ ಇರ್ತೀನಿ” ಅಂದು ಕೂರಿಸಿದೆ. ಡಯಟಿಷಿಯನ್ ಶುರುವಿನಲ್ಲಿ “ಮನೆಯ ದೊಡ್ಡವರು ಯಾರಾದರೂ ಇದ್ದಾರಾ?” ಎಂದು ಕೇಳಿದಾಗ ಬಾಗಿಲಿನಿಂದಲೇ ಕೈಬೀಸಿ ಹೋದೆ. ಒಳಗೊಳಗೆ ಹೆಮ್ಮೆ. ನಾವು ಇಷ್ಟು ವರ್ಷ ಕಷ್ಟಪಟ್ಟು ಕನ್ನಡ ಕಲಿಸಿದ್ದು ಇದಕ್ಕೇ ಅಲ್ಲವೇ?

ಆಮೇಲೆ ಗೊತ್ತಾದದ್ದು ಇಷ್ಟು. ಡಯಟಿಷಿಯನ್ ಕೇಳಿದರು: ಊಟ ಬಿಡುವುದುಂಟಾ? ಅತ್ತೆ ಹೇಳಿದರು: “ಇಲ್ಲಮ್ಮ, ಊಟ ಬಿಡಲ್ಲ. ಶನಿವಾರ ಒಪ್ಪತ್ತು, ಅಷ್ಟೆ.” ಮಗಳಿಗೆ ‘ಹೊತ್ತು’ ಗೊತ್ತು. ‘ಹೊತ್ತು ಹೊತ್ತಿಗೆ ಊಟ ಮಾಡು’ ಅಂತ ಅಜ್ಜಿಯೇ ದಿನಾ ಹೇಳುತ್ತಾರಲ್ಲ. ಅದೇ ಇರಬೇಕು ಅಂದುಕೊಂಡು ಇಂಗ್ಲಿಷಿನಲ್ಲಿ ಹೇಳಿದಳು: ಊಟ ಬಿಡುವುದಿಲ್ಲ, ಶನಿವಾರವೂ ಹೊತ್ತಿಗೆ ಸರಿಯಾಗಿ ಮಾಡುತ್ತಾರೆ.

ಒಂದು ಹೊತ್ತಿನ ಊಟ ಅನ್ನುವುದು ಹೊತ್ತಿಗೆ ಸರಿಯಾಗಿ ಊಟ ಅಂತಾಯಿತು. ಫೈಲಿಗೂ ಹಾಗೇ ಹೋಯಿತು. ಡಾಕ್ಟರು ಫೈಲು ನೋಡಿ, ಊಟ ನಿಯಮಿತವಾಗಿದ್ದೂ ಸಕ್ಕರೆ ಹೆಚ್ಚಿದೆಯಲ್ಲ ಎಂದು ಗ್ಲಿಪಿಜೈಡ್ ಡೋಸ್ ಹೆಚ್ಚಿಸಿದರು. ಅವರ ಕೈಯಲ್ಲಿದ್ದ ಮಾಹಿತಿಗೆ ಅದು ಸರಿಯಾದ ನಿರ್ಧಾರವೇ.

ಗ್ಲಿಪಿಜೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ. ಊಟಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೊಳ್ಳುತ್ತಾರೆ. ಹಿಂದೆ ಊಟ ಬಂದರೆ ಸರಿ. ಬರದಿದ್ದರೂ ಅದು ತನ್ನ ಕೆಲಸ ಮಾಡಿಯೇ ಮಾಡುತ್ತದೆ. ಮೂರನೇ ಶನಿವಾರ ಅತ್ತೆ ಮಧ್ಯಾಹ್ನ ಊಟ ಮಾಡಿದರು, ಸಂಜೆ ‘ಮಾತ್ರೆ ತಪ್ಪಿಸಬಾರದು’ ಎಂದು ಮಾತ್ರೆ ನುಂಗಿದರು, ರಾತ್ರಿಗೆ ಒಂದು ಲೋಟ ಮಜ್ಜಿಗೆ ಕುಡಿದು ಟಿವಿ ಮುಂದೆ ಕೂತರು. ಎಂಟೂವರೆಗೆ ಮಗಳು ಕೂಗಿದಳು: “ಅಮ್ಮಾ, ಅಜ್ಜಿ ಏನೇನೋ ಮಾತಾಡ್ತಿದಾರೆ!” ಹೋಗಿ ನೋಡಿದರೆ ಮೈಯೆಲ್ಲ ಬೆವರು, ಕೈ ನಡುಗುತ್ತಿದೆ. ಬೆರಳು ಚುಚ್ಚಿ ನೋಡಿದರೆ 54.

ಅದೃಷ್ಟಕ್ಕೆ ಪ್ರಜ್ಞೆ ಇತ್ತು. ಅರ್ಧ ಕಪ್ ಕಿತ್ತಳೆ ಜ್ಯೂಸ್ ಕುಡಿಸಿ ಹದಿನೈದು ನಿಮಿಷ ಬಿಟ್ಟು ನೋಡಿದೆವು, 68. ಇನ್ನರ್ಧ ಕಪ್ ಕೊಟ್ಟೆವು, 93 ಆಯಿತು. ಆಮೇಲೆ ಒಪ್ಪತ್ತು ಮುರಿದು ಮೊಸರನ್ನ ತಿಂದರು. ನರ್ಸ್ ಲೈನಿಗೆ ಫೋನ್ ಮಾಡಿ, ಅವರು ಹೇಳಿದಂತೆ ಆ ರಾತ್ರಿಯೆಲ್ಲ ಆಗಾಗ ಎಬ್ಬಿಸಿ ಪರೀಕ್ಷೆ ಮಾಡಿದೆವು.

ಇದನ್ನು ನೀವೂ ನೆನಪಿಡಿ. 70ಕ್ಕಿಂತ ಕೆಳಗೆ ಬಂದರೆ 15 ಗ್ರಾಂ ಬೇಗ ಕರಗುವ ಸಕ್ಕರೆ, ಅಂದರೆ ಅರ್ಧ ಕಪ್ ಜ್ಯೂಸ್ ಅಥವಾ ಒಂದು ದೊಡ್ಡ ಚಮಚ ಸಕ್ಕರೆ. 15 ನಿಮಿಷ ಕಾದು ಮತ್ತೆ ಪರೀಕ್ಷೆ, ಇನ್ನೂ ಕಡಿಮೆ ಇದ್ದರೆ ಮತ್ತೊಮ್ಮೆ. ಮೈಸೂರು ಪಾಕು, ಚಾಕೊಲೇಟು ಕೊಡಬೇಡಿ. ಅವುಗಳಲ್ಲಿರುವ ಕೊಬ್ಬು ಸಕ್ಕರೆ ಏರುವುದನ್ನು ತಡಮಾಡುತ್ತದೆ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ 911ಕ್ಕೆ ಕರೆ ಮಾಡಿ.

ಮರುದಿನ ಕ್ಲಿನಿಕ್ಕಿನ ಪೋರ್ಟಲ್ ತೆರೆದು ಡಯಟಿಷಿಯನ್ ಬರೆದದ್ದನ್ನು ಮೊದಲ ಸಲ ಪೂರ್ತಿ ಓದಿದೆ. ‘ಶನಿವಾರವೂ ಹೊತ್ತಿಗೆ ಸರಿಯಾಗಿ ಊಟ’ ಎಂಬ ಸಾಲು ಕಂಡಿತು. “ಅತ್ತೆ, ನೀವು ಒಪ್ಪತ್ತಿನ ವಿಷಯ ಹೇಳಲೇ ಇಲ್ವಾ?” ಅಂದೆ. “ಹೇಳಿದ್ನಲ್ಲಮ್ಮ, ಪುಟ್ಟಿ ಹೇಳಿದ್ಲಲ್ಲ ಅವರಿಗೆ” ಅಂದರು. ಮೆಟ್ಟಿಲ ಮೇಲೆ ಮಗಳು ನಿಂತಿದ್ದಳು. ಅವಳು ಕೇಳಿದ ಪ್ರಶ್ನೆ ನನಗೆ ಇವತ್ತಿಗೂ ಚುಚ್ಚುತ್ತದೆ. “ನಾನು ತಪ್ಪು ಹೇಳಿದ್ನಾ? ಅಜ್ಜಿಗೆ ನನ್ನಿಂದ ಹಾಗಾಯ್ತಾ?”

ನಿನ್ನಿಂದಲ್ಲ ಕಂದಾ, ನನ್ನಿಂದ ಅಂದೆ. ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ, ನಿಜವೇ. ಎಷ್ಟು ಕನ್ನಡ ಬಂದರೂ ಹದಿಮೂರು ವರ್ಷದ ಮಗು ಕೂರಬೇಕಾದ ಜಾಗ ಅದಾಗಿರಲಿಲ್ಲ.

ನಮ್ಮ ಕೊಲ್ಲಿ ಪ್ರದೇಶದಲ್ಲಿ ಇದು ನಮ್ಮೊಬ್ಬರ ಮನೆಯ ಮಾತಲ್ಲ. 2010ರಲ್ಲಿ ಇಲ್ಲಿನ ಯುಸಿಎಸ್‌ಎಫ್ ಮತ್ತು ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯಗಳು ದಕ್ಷಿಣ ಏಷ್ಯಾ ಮೂಲದವರ ಆರೋಗ್ಯದ ಬಗ್ಗೆ ‘ಮಸಾಲಾ’ ಎಂಬ ಅಧ್ಯಯನ ಶುರುಮಾಡಿದವು. ಹೆಸರು ನೋಡಿ ನಗಬೇಡಿ, ಅದು ಒಂದು ಉದ್ದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳ ಜೋಡಣೆ. 40 ವರ್ಷ ದಾಟಿದ 906 ಮಂದಿಯನ್ನು ಪರೀಕ್ಷಿಸಿದಾಗ, ವಯಸ್ಸಿನ ವ್ಯತ್ಯಾಸ ಸರಿದೂಗಿಸಿದ ಮೇಲೂ ನಮ್ಮವರಲ್ಲಿ 23 ಶೇಕಡ ಮಂದಿಗೆ ಡಯಾಬಿಟಿಸ್ ಇತ್ತು. ಹೋಲಿಕೆಗೆ ತೆಗೆದುಕೊಂಡ ಬಿಳಿಯರಲ್ಲಿ ಅದು 6 ಶೇಕಡ. ಸಣ್ಣಗಿದ್ದೇವಲ್ಲ ಎಂದು ಧೈರ್ಯವಾಗಿರುವ ಹಾಗೂ ಇಲ್ಲ. ಏಷ್ಯಾ ಮೂಲದವರಿಗೆ ಬಿಎಂಐ 23 ದಾಟಿದರೇ ಡಯಾಬಿಟಿಸ್ ಪರೀಕ್ಷೆ ಮಾಡಬೇಕೆಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಿಂದ ಹೇಳುತ್ತಿದೆ. ಉಳಿದವರಿಗೆ ಆ ಗೆರೆ 25.

ಈ ಕಾರಣಕ್ಕೇ ಮೌಂಟನ್ ವ್ಯೂನ ಎಲ್ ಕಮೀನೊ ಆಸ್ಪತ್ರೆಯಲ್ಲಿ 2006ರಿಂದ ಸೌತ್ ಏಷ್ಯನ್ ಹಾರ್ಟ್ ಸೆಂಟರ್ ಇದೆ. ಸ್ಟ್ಯಾನ್‌ಫರ್ಡ್‌ನಲ್ಲೂ ನಮ್ಮವರ ಹೃದಯದ ಆರೋಗ್ಯಕ್ಕೆಂದೇ ಒಂದು ಕಾರ್ಯಕ್ರಮ ಇದೆ. ದೋಸೆ, ಇಡ್ಲಿ, ತುಪ್ಪ ಅಂದರೆ ಏನು ಎಂದು ವಿವರಿಸಬೇಕಾಗಿಲ್ಲದ ಜಾಗಗಳು ಅಮೆರಿಕದಲ್ಲಿ ಹೆಚ್ಚಿಲ್ಲ, ನಾವು ಪುಣ್ಯವಂತರು. ಆದರೆ ದೋಸೆ ಗೊತ್ತಿರುವವರಿಗೂ ನಿಮ್ಮ ಮನೆಯ ತಟ್ಟೆಯಲ್ಲಿ ಎಷ್ಟು ದೋಸೆ ಬೀಳುತ್ತದೆ ಎಂದು ನೀವೇ ಹೇಳಬೇಕು. ಡಯಟಿಷಿಯನ್ನಿನ ಸಲಹೆ ಎಷ್ಟು ಚೆನ್ನಾಗಿರುತ್ತದೆ ಅನ್ನುವುದು ನಾವು ಎಷ್ಟು ಸರಿಯಾಗಿ ಹೇಳುತ್ತೇವೆ ಅನ್ನುವುದರ ಮೇಲಿದೆ. ನಮ್ಮ ಹಿರಿಯರು ಅದನ್ನು ಹೇಳುವುದು ಕನ್ನಡದಲ್ಲಿ.

ಎರಡನೇ ಅಪಾಯಿಂಟ್‌ಮೆಂಟಿಗೆ ನಾನೇ ರಜೆ ಹಾಕಿದೆ. ದುಭಾಷಿಯನ್ನೂ ಕೇಳಿದೆ. ಫೋನಿನಲ್ಲಿ “ಕನ್ನಡ” ಅಂದರೆ ಆ ಕಡೆಯವರಿಗೆ “ಕೆನಡಾ” ಎಂದು ಕೇಳಿಸಿತು. ಕೆನಡಾದವರಿಗೆ ದುಭಾಷಿ ಯಾಕೆ ಎಂದು ಅವರಿಗೆ ಗೊಂದಲ. ಅಕ್ಷರ ಬಿಡಿಸಿ ಹೇಳಿದ ಮೇಲೆ ಸರಿಹೋಯಿತು. ನೀವೂ ಹಾಗೇ ಬಿಡಿಸಿ ಹೇಳಿ, ‘ಇಂಡಿಯನ್’ ಎಂದು ಹೇಳಿ ಸುಮ್ಮನಾದರೆ ಹಿಂದಿಯವರು ಸಿಕ್ಕಾರು. ಫೋನಿನಲ್ಲಿ ಬಂದ ದುಭಾಷಿ ಧಾರವಾಡ ಕಡೆಯವರು. “ಅಜ್ಜಿ, ನಮ್ಮ ಕಡೆ ರೊಟ್ಟಿ ನೋಡ್ರಿ, ಮುದ್ದಿ ಎಷ್ಟ್ ದೊಡ್ಡದು ಮಾಡ್ತೀರಿ ಸ್ವಲ್ಪ ಹೇಳ್ರಿ” ಅಂದಾಗ ಅತ್ತೆಯ ಮುಖ ಅರಳಿತು.

ಡಯಟಿಷಿಯನ್ ಮೊದಲೇ ಒಂದು ಕೆಲಸ ಕೊಟ್ಟಿದ್ದರು: ಮೂರು ದಿನ ತಿಂದದ್ದನ್ನೆಲ್ಲ ಬರೆಯಿರಿ, ಅದರಲ್ಲಿ ಒಂದು ದಿನ ಶನಿವಾರವಾಗಿರಲಿ. ಬಡಿಸುವ ಸೌಟು, ಕುಡಿಯುವ ಲೋಟ ಪಕ್ಕದಲ್ಲಿಟ್ಟುಕೊಂಡು ಕೂರಿ. ಆ ಒಂದು ಗಂಟೆಯಲ್ಲಿ ನಮ್ಮ ಮನೆಯ ಕನ್ನಡ ಎಷ್ಟು ವಿಚಿತ್ರ ಎಂದು ನನಗೇ ಗೊತ್ತಾಯಿತು.

‘ಕೊನೆಗೆ ಒಂದು ತುತ್ತು ಅನ್ನ’ ಎಂದು ಅತ್ತೆ ಹೇಳಿದ್ದನ್ನು ಮಗಳು ಮೊದಲ ಸಲ ಒಂದೇ ಒಂದು ತುತ್ತು ಎಂದು ಹೇಳಿದ್ದಳು. ಪದಕ್ಕೆ ಪದ ಸರಿಯೇ. ಆದರೆ ನಮ್ಮಲ್ಲಿ ‘ಒಂದು ತುತ್ತು ತಿಂದುಹೋಗಿ’ ಎಂದು ಕರೆದು ಪೂರ್ತಿ ಎಲೆ ಊಟ ಹಾಕುವುದಿಲ್ಲವೇ? ಅಳೆದಾಗ ಅತ್ತೆಯ ತುತ್ತು ಒಂದು ಕಪ್ ಇತ್ತು. ಒಂದು ಕಪ್ ಅನ್ನದಲ್ಲಿ ಸುಮಾರು 45 ಗ್ರಾಂ ಪಿಷ್ಟ ಇರುತ್ತದೆ.

‘ಸಕ್ಕರೆ ಮುಟ್ಟಲ್ಲ.’ ಖಂಡಿತ ಮುಟ್ಟುವುದಿಲ್ಲ. ಕಾಫಿಗೆ ಬೆಲ್ಲ, ಸಾರಿಗೆ ಬೆಲ್ಲ, ಹಸಿಯಾದರೆ ಒಂದು ಚೂರು ಬೆಲ್ಲ. ರಕ್ತಕ್ಕೆ ಇವೆರಡರ ನಡುವೆ ದೊಡ್ಡ ವ್ಯತ್ಯಾಸ ಗೊತ್ತಾಗುವುದಿಲ್ಲ.

‘ಮುದ್ದೆ ತಿಂದ್ರೆ ಶುಗರ್ ಬರಲ್ಲ.’ ಇದು ನಮ್ಮ ಹಳೇ ಮೈಸೂರಿನವರ ದೊಡ್ಡ ನಂಬಿಕೆ. ರಾಗಿ ಒಳ್ಳೆಯ ಧಾನ್ಯ ಅನ್ನುವುದರಲ್ಲಿ ಎರಡು ಮಾತಿಲ್ಲ. ನಾರು ಇದೆ, 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಆದರೆ ಅದರಲ್ಲಿ ಮೂರನೇ ಎರಡು ಭಾಗ ಪಿಷ್ಟವೇ. ಅತ್ತೆಯ ಒಂದು ಮುದ್ದೆಗೆ 90 ಗ್ರಾಂ ಹಿಟ್ಟು ಬೀಳುತ್ತಿತ್ತು, ಅಂದರೆ 60 ಗ್ರಾಂ ಪಿಷ್ಟ. ಅದರ ಮೇಲೆ ‘ಒಂದು ತುತ್ತು’ ಅನ್ನ. ಒಂದೇ ಊಟಕ್ಕೆ ನೂರರ ಮೇಲಾಯಿತು. ಎ1ಸಿ ಯಾಕೆ ಏರಿತ್ತು ಎಂದು ಕೊನೆಗೂ ಗೊತ್ತಾಯಿತು.

ಡಯಟಿಷಿಯನ್ ಮುದ್ದೆ ಬಿಡಿ ಅನ್ನಲಿಲ್ಲ, ಒಪ್ಪತ್ತು ಬಿಡಿ ಅಂತಲೂ ಅನ್ನಲಿಲ್ಲ. ಮೊದಲ ಸಲ ಬಂದಿದ್ದ ಪಟ್ಟಿಯಲ್ಲಿ ಕಿನುವಾ, ಆವಕಾಡೊ, ಸಲಾಡ್ ಇದ್ದವು. ಅತ್ತೆ ಅದನ್ನು ಫ್ರಿಜ್ಜಿಗೆ ಅಂಟಿಸಿ, ಪಕ್ಕದಲ್ಲೇ ನಿಂತು ಮುದ್ದೆ ತಿರುವುತ್ತಿದ್ದರು. ಈ ಸಲ ಬಂದ ಪಟ್ಟಿಯಲ್ಲಿ ಅವರ ಅಡುಗೆಯೇ ಇತ್ತು. ಮುದ್ದೆ ಇದ್ದ ಹೊತ್ತು ಅನ್ನ ಇಲ್ಲ, ಮುದ್ದೆಗೆ 60 ಗ್ರಾಂ ಹಿಟ್ಟು. ಬಸ್ಸಾರಿನ ಕಾಳು, ಸೊಪ್ಪು ಎರಡು ಸೌಟು ಹೆಚ್ಚು. ಊಟದ ಮೊದಲಿಗೆ ಕೋಸಂಬರಿ. ಕಾಫಿ ಬೆಲ್ಲವಿಲ್ಲದೆ, ಅದಕ್ಕೆ ಅತ್ತೆ ಒಂದು ವಾರ ಮುಖ ಊದಿಸಿಕೊಂಡಿದ್ದರು. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಹೊರಗೆ ನಡಿಗೆ. ಶನಿವಾರ ರಾತ್ರಿಗೆ ಬರೀ ಮಜ್ಜಿಗೆಯಲ್ಲ, ಹೆಸರುಕಾಳು ಉಸಲಿ ಮತ್ತು ಅರ್ಧ ಬಾಳೆಹಣ್ಣು, ಫಲಾಹಾರ ಅಂತ. ‘ಉಪವಾಸಕ್ಕೆ ಸಬ್ಬಕ್ಕಿ ಆಗಬಹುದಾ?’ ಎಂದು ಅತ್ತೆ ಕೇಳಿದರು. ಸಬ್ಬಕ್ಕಿ ಹೆಚ್ಚು ಕಡಿಮೆ ಪೂರ್ತಿ ಪಿಷ್ಟ, ಬೇಡ ಅಂದರು. ಶನಿವಾರ ಸಂಜೆಯ ಮಾತ್ರೆಯ ವಿಷಯವನ್ನು ಡಯಟಿಷಿಯನ್ ತಾವು ಹೇಳದೆ ಡಾಕ್ಟರಿಗೆ ಬರೆದರು. ಡಾಕ್ಟರು ಡೋಸ್ ಮೊದಲಿನಷ್ಟಕ್ಕೇ ಇಳಿಸಿ, ಒಪ್ಪತ್ತಿನ ಸಂಜೆ ಗ್ಲಿಪಿಜೈಡ್ ಬೇಡ ಅಂದರು. ಇದು ನಮ್ಮತ್ತೆಗೆ ಹೇಳಿದ್ದು. ದಯವಿಟ್ಟು ಇದನ್ನು ಓದಿ ನಿಮ್ಮ ಮನೆಯವರ ಮಾತ್ರೆ ಬದಲಿಸಬೇಡಿ, ಅವರ ಡಾಕ್ಟರನ್ನು ಕೇಳಿ.

ಮೂರು ತಿಂಗಳಿಗೆ ಎ1ಸಿ 7.5. ಶನಿವಾರಗಳು ನೆಮ್ಮದಿಯಿಂದ ಕಳೆದಿವೆ. ಇನ್ನೂ ಇಳಿಸಬೇಕಲ್ಲ ಎಂದು ನಾನು ಅಂದುಕೊಂಡಿದ್ದೆ. ವಯಸ್ಸಾದವರಿಗೆ ಸಕ್ಕರೆ ತೀರಾ ಕೆಳಗಿಳಿದರೇ ಹೆಚ್ಚು ಅಪಾಯ, ಬಿದ್ದು ಸೊಂಟ ಮುರಿದುಕೊಂಡರೆ ಕಷ್ಟ, ಅದಕ್ಕೆ ಅವರ ಗುರಿಯನ್ನು ಸ್ವಲ್ಪ ಸಡಿಲವಾಗಿಯೇ ಇಡುತ್ತಾರೆ ಎಂದು ಡಾಕ್ಟರು ವಿವರಿಸಿದರು.

‘ಅಷ್ಟಕ್ಕೆ ಡಯಟಿಷಿಯನ್ ಯಾಕೆ? ವಾಟ್ಸಾಪಿನಲ್ಲಿ ದಿನಾ ಬರುತ್ತಲ್ಲ’ ಎಂದು ನೀವು ಕೇಳಬಹುದು. ನಮ್ಮ ಬೀದಿಯಲ್ಲೇ ಮೂರು ಕನ್ನಡದ ಮನೆಗಳಿವೆ, ನೋಡಿ. ನಮ್ಮನೆಯಲ್ಲಿ ಶುಗರ್. ಎದುರು ಮನೆಯ ಮಾವನವರಿಗೆ ಕಿಡ್ನಿ ತೊಂದರೆ, ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚು. ಎಲ್ಲರೂ ಆರೋಗ್ಯಕ್ಕೆ ಒಳ್ಳೆಯದು ಅನ್ನುವ ಎಳನೀರು ಅವರಿಗೆ ಬೇಡ. ಒಂದು ಕಪ್ಪಿನಲ್ಲಿ 600 ಮಿಲಿಗ್ರಾಂ ಆಸುಪಾಸು ಪೊಟ್ಯಾಸಿಯಂ ಇರುತ್ತದೆ. ಸೋಡಿಯಂ ಕಡಿಮೆ ಎಂದು ಮಾರುವ ಉಪ್ಪೂ ಅವರಿಗೆ ಬೇಡ, ಅದರಲ್ಲಿ ಪೊಟ್ಯಾಸಿಯಂ ತುಂಬಿರುತ್ತಾರೆ. ಮೂರನೇ ಮನೆಯ ಹುಡುಗನಿಗೆ ಸೀಲಿಯಾಕ್, ಗೋಧಿಯ ಗ್ಲೂಟೆನ್ ಆಗುವುದಿಲ್ಲ. ಅವನಿಗೆ ಮುದ್ದೆ, ದೋಸೆ ಧಾರಾಳ. ಚಪಾತಿ, ಶಾವಿಗೆ, ರವೆ ಉಪ್ಪಿಟ್ಟು ಬಿಟ್ಟರೂ ಹೊಟ್ಟೆನೋವು ನಿಂತಿರಲಿಲ್ಲ. ಕೊನೆಗೆ ಡಯಟಿಷಿಯನ್ ಒಗ್ಗರಣೆ ಡಬ್ಬಿಯಿಂದ ಹುಡುಕಿ ತೆಗೆದದ್ದು ಇಂಗು. ಅಂಗಡಿಯ ಇಂಗಿನಲ್ಲಿ ಎಷ್ಟೋ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ. ಒಂದೇ ಬೀದಿ, ಒಂದೇ ಸಾರು, ಮೂರು ಮನೆಗೆ ಮೂರು ಸಲಹೆ. ವಾಟ್ಸಾಪಿಗೆ ಯಾರ ಮನೆಯಲ್ಲಿ ಏನು ಕಾಯಿಲೆ ಎಂದು ಗೊತ್ತಿರುವುದಿಲ್ಲ.

ಇನ್ನು ಕೆಲವು ಉಪಯೋಗದ ಮಾತು.

ಯಾರ ಹತ್ತಿರ ಹೋಗಬೇಕು? ‘ನ್ಯೂಟ್ರಿಷನಿಸ್ಟ್’ ಎಂದು ಕ್ಯಾಲಿಫೋರ್ನಿಯಾದಲ್ಲಿ ಯಾರು ಬೇಕಾದರೂ ಬೋರ್ಡು ಹಾಕಿಕೊಳ್ಳಬಹುದು. ‘ರಿಜಿಸ್ಟರ್ಡ್ ಡಯಟಿಷಿಯನ್’ ಎಂದು ಎಲ್ಲರೂ ಹಾಕಿಕೊಳ್ಳುವಂತಿಲ್ಲ. ಅದಕ್ಕೆ ಮೇಲ್ವಿಚಾರಣೆಯಲ್ಲಿ ಕನಿಷ್ಠ 1000 ಗಂಟೆಯ ತರಬೇತಿ, ರಾಷ್ಟ್ರಮಟ್ಟದ ಪರೀಕ್ಷೆ ಬೇಕು. 2024ರ ಜನವರಿಯಿಂದ ಆ ಪರೀಕ್ಷೆಗೆ ಕೂರಲು ಸ್ನಾತಕೋತ್ತರ ಪದವಿಯೂ ಬೇಕು.

ದುಡ್ಡು? ಮೆಡಿಕೇರ್ ಪಾರ್ಟ್ ಬಿ ಇರುವ ಹಿರಿಯರಿಗೆ ಡಯಾಬಿಟಿಸ್ ಅಥವಾ ಕಿಡ್ನಿ ಕಾಯಿಲೆ ಇದ್ದರೆ, ಡಾಕ್ಟರು ಬರೆದುಕೊಟ್ಟರೆ, ಮೊದಲ ವರ್ಷ 3 ಗಂಟೆ, ಆಮೇಲೆ ವರ್ಷಕ್ಕೆ 2 ಗಂಟೆ ಡಯಟಿಷಿಯನ್ ಸೇವೆ ಕೈಯಿಂದ ಕೊಡದೆ ಸಿಗುತ್ತದೆ. ಆಫೀಸಿನ ವಿಮೆಗಳದ್ದು ಒಂದೊಂದು ಒಂದೊಂದು ಥರ, ಕಾರ್ಡಿನ ಹಿಂದಿನ ನಂಬರಿಗೆ ಫೋನ್ ಮಾಡಿ ಕೇಳಿ. ಆರು ತಿಂಗಳಿಗೆಂದು ಬರುವ ಅಪ್ಪ ಅಮ್ಮನ ವಿಸಿಟರ್ ವಿಮೆ ಸಾಮಾನ್ಯವಾಗಿ ಹಳೆಯ ಕಾಯಿಲೆಗೆ ಕೊಡುವುದಿಲ್ಲ. ಅವರು ಊರಿಂದ ಹೊರಡುವ ಮೊದಲೇ ಅಲ್ಲಿ ಒಮ್ಮೆ ತೋರಿಸಿಕೊಂಡು, ಮಾತ್ರೆಯ ಚೀಟಿ ಹಿಡಿದು ಬರಲಿ.

ದುಭಾಷಿ? ಸರ್ಕಾರದ ಹಣ ಪಡೆಯುವ ಆಸ್ಪತ್ರೆ, ಕ್ಲಿನಿಕ್ಕುಗಳು ಇಂಗ್ಲಿಷ್ ಬಾರದವರಿಗೆ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. ಮೆಡಿಕೇರ್ ತೆಗೆದುಕೊಳ್ಳುವವರೆಲ್ಲ ಹೆಚ್ಚು ಕಡಿಮೆ ಇದರೊಳಗೆ ಬರುತ್ತಾರೆ. ಜೀವಕ್ಕೆ ಅಪಾಯವಿರುವ ತುರ್ತಿನಲ್ಲಿ ಬೇರೆ ದಾರಿ ಇಲ್ಲದಾಗ ಬಿಟ್ಟರೆ ಚಿಕ್ಕ ಮಕ್ಕಳನ್ನು ದುಭಾಷಿಯಾಗಿ ನೆಚ್ಚಬಾರದು ಎಂದೇ 2016ರಿಂದ ಫೆಡರಲ್ ನಿಯಮ ಹೇಳುತ್ತಿದೆ. ನಾನು “ಬೇಡ” ಅಂದಾಗ ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿ, ಕನ್ನಡದವರು ಸಿಗಲು ಒಂದೆರಡು ದಿನ ಬೇಕಾಗಬಹುದು.

ನನಗೆ ಇನ್ನೊಂದೂ ಅರಿವಾಯಿತು. ಮಗುವಿಗೆ ತಪ್ಪು ಪದ ಹೇಳುವ ಭಯ ಒಂದು ಕಡೆಯಾದರೆ, ಅಜ್ಜಿಗೆ ಮೊಮ್ಮಗಳ ಮುಂದೆ ಹೇಳಲಾಗದ ಮಾತುಗಳು ಇನ್ನೊಂದು ಕಡೆ. ಎರಡನೇ ಸಲ ಮಗಳು ಇಲ್ಲದಾಗ ಅತ್ತೆ ಮಲಬದ್ಧತೆಯ ಬಗ್ಗೆ, ರಾತ್ರಿ ನಾಲ್ಕು ಸಲ ಎದ್ದು ಹೋಗಬೇಕಾಗುವುದರ ಬಗ್ಗೆ, ಮಾವ ಹೋದ ಮೇಲೆ ಒಬ್ಬರೇ ಕೂತು ಉಣ್ಣಲು ಮನಸ್ಸಾಗದ ಬಗ್ಗೆ ಹೇಳಿದರು. ಏಳು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಅದು ಗೊತ್ತಿರಲಿಲ್ಲ. ಈಗ ನಾನು ಬುಧವಾರ, ಶುಕ್ರವಾರ ಮನೆಯಿಂದ ಕೆಲಸ ಮಾಡುವಾಗ ಲ್ಯಾಪ್‌ಟಾಪ್ ಮುಚ್ಚಿ ಅವರ ಜೊತೆ ಕೂತು ಊಟ ಮಾಡುತ್ತೇನೆ. ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ.

ಹಾಗಾದರೆ ಮಕ್ಕಳಿಗೆ ಇದರಲ್ಲಿ ಪಾತ್ರವೇ ಇಲ್ಲವೇ? ಇದೆ. ಆ ಘಟನೆಯ ನಂತರ ಮಗಳು ಎರಡು ವಾರ ಅಜ್ಜಿಯ ಜೊತೆ ಇಂಗ್ಲಿಷಿನಲ್ಲೇ ಮಾತಾಡಿದಳು. ಕನ್ನಡದಲ್ಲಿ ಬಾಯಿಬಿಟ್ಟರೆ ಮತ್ತೆ ತಪ್ಪಾದೀತು ಎಂಬ ಹೆದರಿಕೆ. ನನಗೆ ಅದೇ ಹೆಚ್ಚು ಭಯವಾಗಿತ್ತು. ದಾರಿ ತೋರಿಸಿದ್ದು ಅತ್ತೆಯೇ. ಡಯಟಿಷಿಯನ್ ಹೇಳಿದ ಮೂರು ದಿನದ ಲೆಕ್ಕ ಬರೆಯಬೇಕಿತ್ತಲ್ಲ, “ನನ್ನ ಕಣ್ಣು ಮಂಜು ಪುಟ್ಟಿ, ನೀನೇ ಬರ್ಕೊ” ಎಂದು ನೋಟ್‌ಬುಕ್ಕು ಕೊಟ್ಟರು. ಅವರು ಹೇಳಿದ್ದನ್ನು ಅವಳು ಕನ್ನಡದಲ್ಲೇ ಬರೆದಳು. ಕಾಗುಣಿತ ತಪ್ಪಿದರೂ ಪರವಾಗಿಲ್ಲ, ಇಂಗ್ಲಿಷಿಗೆ ತಿರುಗಿಸುವ ಗೋಜೇ ಇಲ್ಲ. ಗೊತ್ತಿಲ್ಲದ ಪದ ಬಂದರೆ ಅಲ್ಲೇ ಕೇಳಬೇಕು, ಅಡುಗೆ ತಕ್ಕಡಿಯಲ್ಲಿ ತೂಗಬೇಕು. ‘ಒಂದು ಹಿಡಿ ಅವರೆಕಾಳು’ ಅಂದರೆ ಅಜ್ಜಿಯ ಹಿಡಿಯೋ ನನ್ನ ಹಿಡಿಯೋ ಎಂದು ಇಬ್ಬರೂ ಜಗಳವಾಡಿದರು. ಒಂದು ಪಾವು ಅಕ್ಕಿ ಎಷ್ಟಾಗುತ್ತೆ ಎಂದು ಪಾವಿನಲ್ಲಿ ಅಳೆದು ನೋಡಿದರು. ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದುಕೊಂಡಿದ್ದಾಳೆ: ‘ಒಪ್ಪತ್ತು = ಒಂದು + ಹೊತ್ತು. ಒಂದೇ ಸಲ ಊಟ!’

ಅಪಾಯಿಂಟ್‌ಮೆಂಟಿನ ದಿನ ನಾನು ಆ ನೋಟ್‌ಬುಕ್ಕು ಓದಿದೆ, ಧಾರವಾಡದ ದುಭಾಷಿ ಅದನ್ನು ಇಂಗ್ಲಿಷಿಗೆ ತಿರುಗಿಸಿದರು. “ಇದನ್ನು ಬರೆದವರು ಯಾರು? ಇಷ್ಟು ಚೊಕ್ಕ ಲೆಕ್ಕ ನನಗೆ ಸಿಗುವುದೇ ಅಪರೂಪ” ಎಂದರು ಡಯಟಿಷಿಯನ್. ಸಂಜೆ ಮಗಳಿಗೆ ಅದನ್ನು ಹೇಳಿದೆ. ಏನೂ ಮಾತಾಡಲಿಲ್ಲ, ಅಜ್ಜಿಯ ರೂಮಿಗೆ ಹೋಗಿ ಕನ್ನಡದಲ್ಲಿ ವರದಿ ಒಪ್ಪಿಸಿದಳು.

ಈ ತಿಂಗಳು ನಿಮ್ಮ ಮನೆಯಲ್ಲೂ ಅಂಥದೊಂದು ನೋಟ್‌ಬುಕ್ಕು ಶುರುಮಾಡಿ. ಮನೆಯಲ್ಲಿ ಕಾಯಿಲೆ ಇರಲೇಬೇಕು ಅಂತಿಲ್ಲ. ಅಜ್ಜಿ ತಾತ ಊರಲ್ಲಿದ್ದರೆ ಭಾನುವಾರದ ವಿಡಿಯೊ ಕರೆಯಲ್ಲೇ ಕೇಳಿಸಿ: ಇವತ್ತು ಏನು ತಿಂದ್ರಿ, ಎಷ್ಟು ತಿಂದ್ರಿ, ಯಾವ ವಾರ ಉಪವಾಸ, ಯಾವ ಮಾತ್ರೆ ಯಾವಾಗ. ಹಿಡಿ, ಸೌಟು, ಪಾವು, ತುತ್ತು, ಒಪ್ಪತ್ತು, ಫಲಾಹಾರ, ಈ ಪದಗಳನ್ನು ಮಕ್ಕಳು ಅಡುಗೆಮನೆಯಲ್ಲಿ ಕಲಿಯಲಿ. ಆಸ್ಪತ್ರೆಗೆ ಹೋಗುವಾಗ ನೋಟ್‌ಬುಕ್ಕು ಹೋಗಲಿ, ಮಗು ಮನೆಯಲ್ಲಿರಲಿ.

ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಇಂಗ್ಲಿಷಿಗೆ ತಿರುಗದ ಊಟದ ಮಾತು ಯಾವುದಿದೆ? ಬರೆದು ಕಳಿಸಿ. ಮುಂದಿನ ತಿಂಗಳು ಸಿಗೋಣ.